ಅಸಿಟೈಲ್‌ಕೋಲಿನ್ ಉತ್ತೇಜಕವೋ ಪ್ರತಿಬಂಧಕವೋ? ಪಾಠಕ್ಕೆ ಸಹಾಯ ಬೇಕು

ಮುಲುಂಡ್ ಟೀಚರ್:
ನಮಸ್ಕಾರ. ಹನ್ನೆರಡನೇ ಕ್ಲಾಸ್ ಮುಗಿಸಿ ವೈದ್ಯಕೀಯ, ಫಾರ್ಮಸಿ ಸೇರಿರುವ ಮಕ್ಕಳಿಗೆ ನಮ್ಮ ಕಡೆಯ ಕನ್ನಡ ಸಂಘದಲ್ಲಿ ಎರಡು ಭಾನುವಾರ ನರಕೋಶದ ಪಾಠ ಇದೆ. ಮನೆಮಾತು ಕನ್ನಡ, ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಆದ್ದರಿಂದ ಪಾಠ ಕನ್ನಡದಲ್ಲೇ ಆಗಬೇಕು ಅಂತ ಪೋಷಕರ ಆಸೆ. ಬೋರ್ಡಿಗೆ ಎರಡು ಕಾಲಂ ಹಾಕಿಕೊಂಡಿದ್ದೇನೆ: ಉತ್ತೇಜಕ ನರವಾಹಕಗಳು (ನರವಾಹಕ ಅಂದರೆ ನರಕೋಶ ಸಂದೇಶ ಕಳಿಸಲು ಬಿಡುವ ರಾಸಾಯನಿಕ), ಪ್ರತಿಬಂಧಕ ನರವಾಹಕಗಳು. ಗ್ಲುಟಮೇಟ್ ಎಡಕ್ಕೆ, ಗಾಬಾ ಮತ್ತು ಗ್ಲೈಸಿನ್ ಬಲಕ್ಕೆ. ಅಸಿಟೈಲ್‌ಕೋಲಿನ್ ಎಲ್ಲಿಗೆ? ತೋಳಿನ ಸ್ನಾಯುವನ್ನು ಕುಗ್ಗಿಸುತ್ತೆ, ಹೃದಯದ ಬಡಿತವನ್ನು ಇಳಿಸುತ್ತೆ. ಎರಡೂ ಕಡೆ ಬರೆದರೆ ಮಕ್ಕಳು ಬಿಡುವುದಿಲ್ಲ. ಇನ್ನೊಂದು, ನರವಾಹಕವನ್ನು ಹಿಡಿಯುವ ಪ್ರೋಟೀನ್ ಆದ ರಿಸೆಪ್ಟರ್‌ಗೆ ‘ಗ್ರಾಹಕ’ ಅನ್ನಲೋ ಬೇಡವೋ?

ಪರೇಲ್ ಫಾರ್ಮಕಾಲಜಿ:
ಮೇಡಂ, ಆ ಎರಡು ಕಾಲಂ ಅಳಿಸಿಬಿಡಿ. ತಪ್ಪು ಶುರುವಾಗುವುದೇ ಅಲ್ಲಿಂದ. ಉತ್ತೇಜಿಸುವ ಗುಣವಾಗಲಿ ತಡೆಯುವ ಗುಣವಾಗಲಿ ಅಸಿಟೈಲ್‌ಕೋಲಿನ್ ಅಣುವಿನೊಳಗೆ ಇಲ್ಲ. ಅದನ್ನು ಹಿಡಿಯುವ ರಿಸೆಪ್ಟರ್ ಯಾವುದು, ಆ ರಿಸೆಪ್ಟರ್ ಯಾವ ಅಯಾನಿಗೆ ದಾರಿ ಬಿಡುತ್ತದೆ ಎಂಬುದರ ಮೇಲೆ ಪರಿಣಾಮ ನಿಂತಿದೆ.

ತೋಳಿನ ಸ್ನಾಯುವನ್ನೇ ತೆಗೆದುಕೊಳ್ಳಿ. ಅಲ್ಲಿರುವುದು ನಿಕೋಟಿನಿಕ್ ರಿಸೆಪ್ಟರ್. ಐದು ಪ್ರೋಟೀನ್ ಘಟಕಗಳು ಬಾವಿಕಟ್ಟೆಯ ಹಾಗೆ ಸುತ್ತ ನಿಂತಿವೆ, ನಡುವೆ ಒಂದು ರಂಧ್ರ. ಎರಡು ಅಸಿಟೈಲ್‌ಕೋಲಿನ್ ಅಣುಗಳು ಕೂತಾಗ ರಂಧ್ರ ತೆರೆಯುತ್ತದೆ. ಸೋಡಿಯಂ ಒಳನುಗ್ಗುತ್ತದೆ, ಪೊಟ್ಯಾಸಿಯಂ ಸ್ವಲ್ಪ ಹೊರಬರುತ್ತದೆ. ಈ ರಂಧ್ರದ ಹಿಮ್ಮುಖ ವಿಭವ (ಅಯಾನುಗಳ ಒಟ್ಟು ಹರಿವು ನಿಲ್ಲುವ ವೋಲ್ಟೇಜ್) ಸುಮಾರು 0 ಮಿಲಿವೋಲ್ಟ್. −85ರ ಆಸುಪಾಸಿನಲ್ಲಿ ವಿಶ್ರಾಂತಿಯಲ್ಲಿದ್ದ ಸ್ನಾಯುಕೋಶ ಆ ಕಡೆಗೆ ಜಾರುತ್ತದೆ, ಹೊಸ್ತಿಲು ದಾಟುತ್ತದೆ, ಕುಗ್ಗುತ್ತದೆ. ರಂಧ್ರ ತೆರೆದು ಹೊಸ್ತಿಲು ದಾಟಲು ಕೆಲವೇ ಮಿಲಿಸೆಕೆಂಡ್ ಸಾಕು.

ಹೃದಯದ ಲಯ ಹಾಕುವ ಕೋಶಗಳಲ್ಲಿ ಇರುವುದು ಮಸ್ಕರಿನಿಕ್ ಎಂ2 ರಿಸೆಪ್ಟರ್. ಇದಕ್ಕೆ ರಂಧ್ರವೇ ಇಲ್ಲ. ಹೊರಗೆ ಅಸಿಟೈಲ್‌ಕೋಲಿನ್ ಕೂತರೆ ಒಳಗೆ ಜಿ-ಪ್ರೋಟೀನ್ ಎರಡು ಹೋಳಾಗುತ್ತದೆ. ಬೀಟಾ-ಗಾಮಾ ಹೋಳು ಪಕ್ಕದ ಪೊಟ್ಯಾಸಿಯಂ ವಾಹಿನಿಯನ್ನು ತೆರೆಯುತ್ತದೆ, ಆಲ್ಫಾ ಹೋಳು ಸೈಕ್ಲಿಕ್ ಎಎಂಪಿ (ಕೋಶದೊಳಗಿನ ಸಂದೇಶದ ಅಣು) ತಯಾರಿಕೆಯನ್ನು ತಗ್ಗಿಸುತ್ತದೆ. ಪೊಟ್ಯಾಸಿಯಂ ಹೊರಹೋದಷ್ಟೂ ಕೋಶದೊಳಗೆ ಋಣ ವಿದ್ಯುದಂಶ ಹೆಚ್ಚುತ್ತದೆ, ಮುಂದಿನ ಬಡಿತ ತಡವಾಗುತ್ತದೆ. ಇಷ್ಟು ಹಂತ ಇರುವುದರಿಂದಲೇ ಇದು ನಿಕೋಟಿನಿಕ್‌ಗಿಂತ ಎಷ್ಟೋ ಪಟ್ಟು ನಿಧಾನ.

ಆಟೋ ಲೋವಿ 1921ರಲ್ಲಿ ತೋರಿಸಿದ್ದು ಇದನ್ನೇ. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿದ, ಆ ಹೃದಯ ನಿಧಾನವಾಯಿತು. ಅದು ಮುಳುಗಿದ್ದ ದ್ರವವನ್ನು ಎರಡನೇ ಹೃದಯಕ್ಕೆ ಹಾಕಿದ. ಎರಡನೆಯದರ ನರವನ್ನು ಯಾರೂ ಮುಟ್ಟಿರಲಿಲ್ಲ, ಅದೂ ನಿಧಾನವಾಯಿತು. ನರದ ಮಾತು ರಾಸಾಯನಿಕದಲ್ಲೇ ಹೋಗುತ್ತದೆ ಎನ್ನುವುದಕ್ಕೆ ಮಕ್ಕಳ ಮುಂದೆ ಇಡಲು ಇದಕ್ಕಿಂತ ಸ್ವಚ್ಛವಾದ ಪ್ರಯೋಗ ಬೇರೆ ಇಲ್ಲ. 1936ರಲ್ಲಿ ಹೆನ್ರಿ ಡೇಲ್ ಜೊತೆ ಅವನಿಗೆ ನೊಬೆಲ್ ಬಂತು.

‘ಗ್ರಾಹಕ’ ಬೇಡ. ಇಲ್ಲಿ ಬ್ಯಾಂಕಿಗೆ ಹೋದರೆ ಮರಾಠಿ ಫಲಕದಲ್ಲೂ ಗ್ರಾಹಕ, ಊರಿಗೆ ಹೋದರೆ ಕನ್ನಡ ಫಲಕದಲ್ಲೂ ಗ್ರಾಹಕ. ಮಕ್ಕಳ ತಲೆಗೆ ಗಿರಾಕಿಯೇ ಬರುತ್ತಾನೆ. ರಿಸೆಪ್ಟರ್ ಅನ್ನಿ, ಸಾಕು.

ಪಾಷಾಣ್ ಲ್ಯಾಬ್:
ಪುಣೆಯಿಂದ ಒಂದು ಸೇರ್ಪಡೆ. ಪರೇಲ್ ಸರ್ ಹೇಳಿದ್ದು ಸರಿ, ಆದರೆ ರಿಸೆಪ್ಟರ್ ಗೊತ್ತಾದ ಮಾತ್ರಕ್ಕೂ ಉತ್ತರ ಸಿಗುವುದಿಲ್ಲ. ಗಾಬಾ-ಎ ರಿಸೆಪ್ಟರ್ ನೋಡಿ. ಅದು ಕ್ಲೋರೈಡ್‌ಗೆ ದಾರಿ ಬಿಡುತ್ತದೆ. ಕ್ಲೋರೈಡ್ ಒಳಗೆ ಹೋಗುತ್ತದೋ ಹೊರಗೆ ಬರುತ್ತದೋ ಎಂಬುದು ಒಳಗೆ ಮೊದಲೇ ಎಷ್ಟಿದೆ ಅನ್ನುವುದರ ಮೇಲೆ.

ಬೋರ್ಡಿನ ಮೇಲೆ, ಒಳಗೆ-ಹೊರಗೆ ಇರುವ ಅಯಾನಿನ ಪ್ರಮಾಣದಿಂದ ಹಿಮ್ಮುಖ ವಿಭವ ತೆಗೆಯುವ ನರ್ನ್‌ಸ್ಟ್ ಲೆಕ್ಕ ಮಾಡಿಸಿ. 37 ಡಿಗ್ರಿಯಲ್ಲಿ ಗುಣಕ 61.5. ಹೊರಗೆ ಕ್ಲೋರೈಡ್ 120 ಮಿಲಿಮೋಲಾರ್ ಇರಲಿ. ಬೆಳೆದ ನರಕೋಶದೊಳಗೆ 8 ಅಂತ ಹಿಡಿದರೆ, 61.5 ಗುಣಿಲೆ ಲಾಗ್ (8/120), ಬರುವುದು −72 ಮಿಲಿವೋಲ್ಟ್. ಕೋಶ −65ರಲ್ಲಿದ್ದರೆ ಗಾಬಾ ಅದನ್ನು ಕೆಳಕ್ಕೆ ಎಳೆಯುತ್ತದೆ. ಈಗ ಒಳಗಿನದನ್ನು 25 ಮಾಡಿ. ಉತ್ತರ −42. ಅದೇ ಗಾಬಾ, ಅದೇ ರಿಸೆಪ್ಟರ್. ಈ ಸಲ ಕೋಶ ಮೇಲಕ್ಕೆ ಏರುತ್ತದೆ.

ಇದು ಕಲ್ಪನೆಯ ಸಂಖ್ಯೆ ಅಲ್ಲ. ಎಳೆಯ ನರಕೋಶಗಳಲ್ಲಿ ಕ್ಲೋರೈಡನ್ನು ಒಳತುಂಬುವ ಎನ್‌ಕೆಸಿಸಿ1 ಸಾಗಣೆ ಪ್ರೋಟೀನ್ ಜೋರು, ಹೊರಹಾಕುವ ಕೆಸಿಸಿ2 ಇನ್ನೂ ಕಡಿಮೆ. ಬೆಳೆದಂತೆ ಕೆಸಿಸಿ2 ಏರುತ್ತದೆ, ಗಾಬಾ ‘ಪ್ರತಿಬಂಧಕ’ ಆಗುತ್ತದೆ.

ಪ್ರಯೋಗಾಲಯದಲ್ಲಿ ಹೊಸ ವಿದ್ಯಾರ್ಥಿಗಳು ಎಡವುವುದೂ ಇಲ್ಲೇ. ಮಿದುಳಿನ ತೆಳು ಹೋಳಿನ ಮೇಲೆ ಪ್ಯಾಚ್ ಕ್ಲ್ಯಾಂಪ್ ಮಾಡುವಾಗ (ಗಾಜಿನ ಪಿಪೆಟ್ಟನ್ನು ಕೋಶಕ್ಕೆ ಅಂಟಿಸಿ ವಿದ್ಯುತ್ತು ಅಳೆಯುವಾಗ) ಪಿಪೆಟ್ಟಿನೊಳಗೆ 140 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ತುಂಬುತ್ತಾರೆ. ಪೊರೆ ಒಡೆದ ಕೆಲವು ನಿಮಿಷದಲ್ಲಿ ಪಿಪೆಟ್ಟಿನ ದ್ರವವೇ ಕೋಶದ ದ್ರವ ಆಗುತ್ತದೆ. ಒಳಗೂ ಹೊರಗೂ ಕ್ಲೋರೈಡ್ ಸರಿಸಮ, ಹಿಮ್ಮುಖ ವಿಭವ 0ಯ ಹತ್ತಿರ. ಗಾಬಾ ಹಾಕಿದರೆ ಕೋಶ ಕೆರಳುತ್ತದೆ, ‘ಹೊಸದೇನೋ ಕಂಡುಹಿಡಿದೆ’ ಅಂತ ಓಡಿಬರುತ್ತಾರೆ. ಕಂಡದ್ದು ಪಿಪೆಟ್ಟನ್ನು, ಕೋಶವನ್ನಲ್ಲ. ಪೊಟ್ಯಾಸಿಯಂ ಗ್ಲುಕೋನೇಟ್ ಬಳಸಿ ಕ್ಲೋರೈಡನ್ನು 4ರಿಂದ 10ರೊಳಗೆ ಇಡಬೇಕು, ಗ್ಲುಕೋನೇಟ್‌ನಿಂದ ಬರುವ 10–15 ಮಿಲಿವೋಲ್ಟ್ ಸಂಧಿ ವಿಭವವನ್ನು (ಎರಡು ದ್ರವ ಸೇರುವಲ್ಲಿ ಹುಟ್ಟುವ ವೋಲ್ಟೇಜ್) ಕಳೆಯಬೇಕು. ಕೋಶದ ಸ್ವಂತ ಕ್ಲೋರೈಡನ್ನೇ ಅಳೆಯಬೇಕೆಂದರೆ ಪೊರೆ ಒಡೆಯಲೇಬಾರದು: ಪಿಪೆಟ್ಟಿಗೆ ಗ್ರಾಮಿಸಿಡಿನ್ ಎಂಬ ಪ್ರತಿಜೀವಕ ಹಾಕಿದರೆ ಅದು ಪೊಟ್ಯಾಸಿಯಂ, ಸೋಡಿಯಂಗೆ ಮಾತ್ರ ಕಿಂಡಿ ಕೊರೆಯುತ್ತದೆ, ಕ್ಲೋರೈಡನ್ನು ಮುಟ್ಟುವುದಿಲ್ಲ.

ವಾಶಿ ಫಾರ್ಮಸಿ:
ಸರ್, ಹಾಗಾದರೆ ನವಜಾತ ಶಿಶುವಿಗೆ ಫಿಟ್ಸ್ ಬಂದಾಗ ಗಾಬಾ ಹೆಚ್ಚಿಸುವ ಫೀನೋಬಾರ್ಬಿಟಾಲ್ ಕೊಡುವುದು ತಪ್ಪೇ? ಮತ್ತೆ ಡಯಾಜಿಪಾಂ, ಫೀನೋಬಾರ್ಬಿಟಾಲ್ ಎರಡೂ ಒಂದೇ ರಿಸೆಪ್ಟರಿನ ಮೇಲೆ ಕೆಲಸ ಮಾಡಿದರೂ ಒಂದು ಹೆಚ್ಚು ಅಪಾಯ ಯಾಕೆ?

ಪಾಷಾಣ್ ಲ್ಯಾಬ್:
ತಪ್ಪಲ್ಲ, ಈಗಲೂ ಮೊದಲು ಕೊಡುವುದು ಅದನ್ನೇ. ಕೆಲವು ಶಿಶುಗಳಲ್ಲಿ ಅಷ್ಟಾಗಿ ಹಿಡಿಯದಿರಲು ಈ ಕ್ಲೋರೈಡ್ ಒಂದು ಕಾರಣ ಎಂದು ಹೇಳುತ್ತಾರೆ. ಎನ್‌ಕೆಸಿಸಿ1 ತಡೆಯುವ ಬುಮೆಟನೈಡ್ ಸೇರಿಸಿ ನೋಡಿದ ಯುರೋಪಿನ ಪ್ರಯೋಗವನ್ನು ಕೆಲವು ಮಕ್ಕಳ ಕಿವಿ ಕೇಳದಂತಾಗಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಲೆಕ್ಕ ಸುಂದರವಾಗಿದೆ ಎಂದ ಕೂಡಲೇ ಔಷಧಿ ಸಿಕ್ಕಿತು ಎಂದಲ್ಲ.

ಇನ್ನೊಂದು ಸೂಕ್ಷ್ಮ. ಗಾಬಾ ಕೋಶವನ್ನು ಸ್ವಲ್ಪ ಮೇಲಕ್ಕೆ ಎತ್ತಿದರೂ ಒಟ್ಟಾರೆ ತಡೆಯಬಹುದು. ರಂಧ್ರಗಳು ತೆರೆದುಕೊಂಡರೆ ಪೊರೆ ಸೋರುತ್ತದೆ. ಅದೇ ಹೊತ್ತಿಗೆ ಪಕ್ಕದ ಗ್ಲುಟಮೇಟ್ ಸಿನಾಪ್ಸಿನಿಂದ (ಸಿನಾಪ್ಸ್ ಅಂದರೆ ನರಕೋಶದ ಸಂದೇಶ ಮುಂದಿನ ಕೋಶಕ್ಕೆ ದಾಟುವ ಜಾಗ) ಬಂದ ವಿದ್ಯುತ್ತು ಆ ಸೋರಿಕೆಯಲ್ಲೇ ಹರಿದುಹೋಗುತ್ತದೆ. ಕೋಶದೇಹದ ಮೇಲೆಯೇ ಕೂತ ಗಾಬಾ ಸಿನಾಪ್ಸಿಗೆ, ದೂರದ ಕೊಂಬೆಯ ತುದಿಯಲ್ಲಿ ಕೂತದ್ದಕ್ಕಿಂತ ಬಲ ಜಾಸ್ತಿ ಇರುವುದೂ ಇದಕ್ಕೇ.

ಪರೇಲ್ ಫಾರ್ಮಕಾಲಜಿ:
ಎರಡನೇ ಪ್ರಶ್ನೆ ನನಗೆ. ಡಯಾಜಿಪಾಂ ಕೂರುವುದು ಆಲ್ಫಾ ಮತ್ತು ಗಾಮಾ ಘಟಕಗಳ ನಡುವಿನ ಸಂದಿಯಲ್ಲಿ. ಗಾಬಾ ಬಂದಾಗ ರಂಧ್ರ ಹೆಚ್ಚು ಸಲ ತೆರೆಯುವಂತೆ ಮಾಡುತ್ತದೆ. ಗಾಬಾ ಇಲ್ಲದಿದ್ದರೆ ಅದರಿಂದ ಏನೂ ಆಗದು, ಹಾಗಾಗಿ ಅದಕ್ಕೊಂದು ಮಿತಿ ತಾನಾಗೇ ಇದೆ. ಫೀನೋಬಾರ್ಬಿಟಾಲ್‌ನಂಥ ಬಾರ್ಬಿಟುರೇಟ್ ಪ್ರತಿ ಸಲ ತೆರೆದಾಗ ಹೆಚ್ಚು ಹೊತ್ತು ತೆರೆದಿಡುತ್ತದೆ. ಪ್ರಮಾಣ ಏರಿದರೆ ಗಾಬಾ ಇಲ್ಲದೆಯೂ ತಾನೇ ತೆರೆಯುತ್ತದೆ. ಆಗ ಉಸಿರಾಟದ ಕೇಂದ್ರ ಮುಚ್ಚಿಕೊಳ್ಳಲು ತಡೆಯೇ ಇಲ್ಲ. ಡಯಾಜಿಪಾಂಗೆ ಫ್ಲುಮಜೆನಿಲ್ ಎಂಬ ಎದುರು ಮದ್ದಿದೆ, ಬಾರ್ಬಿಟುರೇಟ್‌ಗೆ ಅಂಥದ್ದಿಲ್ಲ. ಡಯಾಜಿಪಾಂ ಮೇಲೆ ಮದ್ಯ ಕುಡಿದರೆ ಮಿತಿಯ ಮಾತು ಮುಗಿಯಿತು, ಇದನ್ನು ಮಕ್ಕಳಿಗೆ ಒತ್ತಿ ಹೇಳಿ.

ಮಡಗಾಂವ್ ಐಸಿಯು:
ನಮಸ್ಕಾರ್ರಿ ಎಲ್ಲರಿಗೂ. ಟೀಚರ್, ನಿಮ್ಮ ಮಕ್ಕಳಿಗೆ ಒಂದ ನರವಾಹಕ ಎರಡ ರಿಸೆಪ್ಟರ್ ಅನ್ನೂದು ಕಣ್ಣಿಗೆ ಕಟ್ಟೂಹಂಗ ತೋರಸಬೇಕಂದ್ರ ಕೀಟನಾಶಕ ಕುಡದ ಪೇಷಂಟಿನಕಿಂತ ಬ್ಯಾರೆ ಉದಾಹರಣೆ ಬ್ಯಾಡ್ರಿ.

ಆ ಕೀಟನಾಶಕದಾಗಿನ ಆರ್ಗನೋಫಾಸ್ಫೇಟ್ ಏನ ಮಾಡ್ತದ? ಅಸಿಟೈಲ್‌ಕೋಲಿನ್ ಒಡಿಯೂ ಕಿಣ್ವ, ಕೋಲಿನೆಸ್ಟರೇಸ್, ಅದನ್ನ ಕಟ್ಟಿಹಾಕ್ತದ. ಅಸಿಟೈಲ್‌ಕೋಲಿನ್ ಎಲ್ಲಾ ಕಡೆ ತುಂಬಿ ನಿಲ್ತದ. ಮಸ್ಕರಿನಿಕ್ ಇದ್ದಲ್ಲಿ: ಕಣ್ಣಿನ ಪಾಪೆ ಸೂಜಿಮೊನಿಯಷ್ಟ, ಬಾಯಾಗ ಜೊಲ್ಲು, ಎದಿಯಾಗ ಗೊರಗೊರ, ನಾಡಿ ನಿಧಾನ. ನಿಕೋಟಿನಿಕ್ ಇದ್ದಲ್ಲಿ: ತೊಡಿ, ಎದಿ ಮ್ಯಾಲಿನ ಸ್ನಾಯು ಚರ್ಮದ ಕೆಳಗ ಹುಳ ಹರಿದಾಡಿದಂಗ ಕಂಪಿಸ್ತಾವ, ಆಮ್ಯಾಲೆ ಶಕ್ತಿ ಹೋಗ್ತದ.

ಈಗ ಅಟ್ರೋಪಿನ್. 1ರಿಂದ 3 ಮಿಲಿಗ್ರಾಂ ರಕ್ತನಾಳಕ್ಕ ಕೊಟ್ಟು, 5 ನಿಮಿಷಕ್ಕೊಮ್ಮೆ ನೋಡಿ, ಸಾಲದಿದ್ರ ಡೋಸ್ ದುಪ್ಪಟ್ಟು. ಗುರಿ ಏನಂದ್ರ ಎದಿ ಒಣಗಬೇಕು, ನಾಡಿ 80 ದಾಟಬೇಕು, ಮ್ಯಾಲಿನ ಬಿಪಿ 80 ದಾಟಬೇಕು. ಪಾಪೆ ದೊಡ್ಡದಾಗೂದನ್ನ ಕಾಯಕೋತ ಕೂಡಬಾರದು, ಅದು ತಡಾ ಆಗ್ತದ. ನಾಡಿ ಜೋರ ಐತಿ ಅಂತ ಅಟ್ರೋಪಿನ್ ತಡೀಬಾರದು. ಉಸಿರಿಲ್ಲದ ಸಂಕಟಕ್ಕೂ ನಾಡಿ ಓಡ್ತದ.

ಎದಿ ಒಣಗತು, ಮನಿಯವರು ಸಮಾಧಾನ ಆದ್ರು. ಇಲ್ಲೇ ನೋಡ್ರಿ ತಪ್ಪು ಆಗೂದು. ಅಟ್ರೋಪಿನ್ ಮಸ್ಕರಿನಿಕ್ ರಿಸೆಪ್ಟರ್ ಅಷ್ಟ ಮುಚ್ತದ, ಸ್ನಾಯುವಿನ ನಿಕೋಟಿನಿಕ್ ಅದರ ಮಾತು ಕೇಳೂದಿಲ್ಲ. 24ರಿಂದ 96 ತಾಸಿನ ಒಳಗ ಕುತ್ತಿಗಿ, ಉಸಿರಾಟದ ಸ್ನಾಯು ಕೈಕೊಡಬಹುದು. ಅದಕ್ಕ ಪ್ರತಿ ರೌಂಡಿಗೂ ‘ದಿಂಬಿನಿಂದ ತಲಿ ಎತ್ರಿ’ ಅನ್ನಬೇಕು. ಎತ್ತಾಕ ಆಗಲಿಲ್ಲ ಅಂದ್ರ, ಆಕ್ಸಿಜನ್ ಸಂಖ್ಯೆ ಚಂದ ಕಂಡ್ರೂ ವೆಂಟಿಲೇಟರ್ ಹತ್ರ ಇಟ್ಕೋಬೇಕು.

ಪರೇಲ್ ಫಾರ್ಮಕಾಲಜಿ:
ಅತ್ಯುತ್ತಮ ಉದಾಹರಣೆ. ಈ ವಿಷಕ್ಕೆ ಕೊಡುವ ಇನ್ನೊಂದು ಮದ್ದು, ಪ್ರಾಲಿಡಾಕ್ಸಿಮ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದು ಕಿಣ್ವಕ್ಕೆ ಅಂಟಿದ ಫಾಸ್ಫೇಟನ್ನು ಕಿತ್ತುಹಾಕಿ ಕಿಣ್ವವನ್ನು ಬಿಡಿಸುತ್ತದೆ, ಆದ್ದರಿಂದ ನಿಕೋಟಿನಿಕ್ ಕಡೆಗೂ ಉಪಯೋಗ ಆಗಬೇಕು. ಆದರೆ ಅಂಟಿಕೊಂಡ ಫಾಸ್ಫೇಟ್ ಹೊತ್ತು ಕಳೆದಂತೆ ಗಟ್ಟಿಯಾಗುತ್ತದೆ, ಆಮೇಲೆ ಬಿಡಿಸಲಾಗದು. ಮೊನೊಕ್ರೊಟೊಫಾಸ್‌ನಂಥ ಡೈಮೀಥೈಲ್ ವಿಷಗಳಲ್ಲಿ ಅರ್ಧ ಕಿಣ್ವ ಹೀಗಾಗಲು 4 ತಾಸೂ ಬೇಡ. ಕ್ಲೋರ್‌ಪೈರಿಫಾಸ್‌ನಂಥ ಡೈಈಥೈಲ್‌ಗಳಲ್ಲಿ 30 ತಾಸು ದಾಟುತ್ತದೆ. ಆದ್ದರಿಂದ ಕುಡಿದ ಡಬ್ಬಿಯನ್ನು ಆಸ್ಪತ್ರೆಗೆ ತರುವುದು ಅಷ್ಟು ಮುಖ್ಯ. ಇಷ್ಟಿದ್ದೂ ಈ ಮದ್ದಿನಿಂದ ಜೀವ ಉಳಿಯುವುದು ಹೆಚ್ಚುತ್ತದೆಯೇ ಎಂಬ ಬಗ್ಗೆ ಪ್ರಯೋಗಗಳ ಫಲಿತಾಂಶ ಒಂದೇ ದಿಕ್ಕಿನಲ್ಲಿಲ್ಲ. ಅಟ್ರೋಪಿನ್ ಮತ್ತು ಉಸಿರಾಟದ ಆಸರೆ, ಇವೆರಡೇ ಗಟ್ಟಿ.

ಮುಲುಂಡ್ ಟೀಚರ್:
ಇಬ್ಬರಿಗೂ ತುಂಬಾ ಧನ್ಯವಾದ. ಮಳೆಗಾಲದ ಪಾಠವಾದ್ದರಿಂದ ಹಾವಿನ ವಿಷವನ್ನೂ ಸೇರಿಸಬೇಕೆಂದಿದ್ದೆ. ನಾಗರಹಾವು, ಕಟ್ಟುಹಾವು ಎರಡೂ ನರಕ್ಕೆ ವಿಷ ಅಂತ ಒಂದೇ ಸಾಲಿನಲ್ಲಿ ಬರೆದರೆ ಸಾಕೇ?

ಮಡಗಾಂವ್ ಐಸಿಯು:
ಸಾಲೂದಿಲ್ರಿ. ಎರಡೂ ಸ್ನಾಯು ಸೋಲಸ್ತಾವ, ಆದ್ರ ಸಿನಾಪ್ಸಿನ ಎರಡ ದಂಡಿ ಮ್ಯಾಲೆ.

ನಾಗರದ ವಿಷ ಈಚೆ ದಂಡಿ, ಅಂದ್ರ ಸ್ನಾಯುವಿನ ನಿಕೋಟಿನಿಕ್ ರಿಸೆಪ್ಟರಿನ ಮ್ಯಾಲೆ ಕೂಡ್ತದ. ನರದಿಂದ ಅಸಿಟೈಲ್‌ಕೋಲಿನ್ ಬರೂದು ಬರ್ತನ ಇರ್ತದ, ಕೂಡಾಕ ಜಾಗಾ ಇಲ್ಲ. ಹಂಗಾಗಿ ನಿಯೋಸ್ಟಿಗ್ಮಿನ್ ಕೊಟ್ಟು ಕಿಣ್ವ ತಡದ್ರ ಅಸಿಟೈಲ್‌ಕೋಲಿನ್ ಹೆಚ್ಚಾಗಿ, ಪೈಪೋಟಿ ಮಾಡಿ ಜಾಗಾ ಹಿಡೀತದ. ಮೊದಲ ಅಟ್ರೋಪಿನ್ ಕೊಟ್ಟ ಕೊಡಬೇಕು, ಇಲ್ಲಂದ್ರ ಮಸ್ಕರಿನಿಕ್ ಕಡೆ ನಾಡಿ ಬೀಳ್ತದ, ಜೊಲ್ಲು ಏರ್ತದ. ಆ ಎರಡು ರಿಸೆಪ್ಟರಿನ ಪಾಠ ಇಲ್ಲೂ ಬಂತು ನೋಡ್ರಿ.

ಕಟ್ಟುಹಾವು, ಮರಾಠಿಯವರು ಮಣ್ಯಾರ ಅಂತಾರ. ಅದರ ಬೀಟಾ-ಬಂಗರೊಟಾಕ್ಸಿನ್ ಆಚೆ ದಂಡಿ, ನರದ ತುದಿಯನ್ನ ಹಾಳ ಮಾಡ್ತದ. ಅಲ್ಲಿ ನರವಾಹಕ ತುಂಬಿಟ್ಟ ಸಣ್ಣ ಚೀಲಗಳು ಖಾಲಿ ಆಗ್ತಾವ, ತುದಿ ಕೊಳೀತದ. ಬಿಡುಗಡಿ ಆಗಾಕ ಅಸಿಟೈಲ್‌ಕೋಲಿನ್ನ ಇಲ್ಲ ಅಂದ್ಮ್ಯಾಲೆ ನಿಯೋಸ್ಟಿಗ್ಮಿನ್ ಏನ ಉಳಸೀತು? ಪ್ರತಿವಿಷ ರಕ್ತದಾಗ ತಿರಗೂ ವಿಷ ಹಿಡೀತದ, ಆಗಲೇ ಹಾಳಾದ ತುದಿಯನ್ನ ಹೊಸದು ಮಾಡೂದಿಲ್ಲ. ತುದಿ ಮತ್ತ ಬೆಳಿಯೂತನಕ, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ವೆಂಟಿಲೇಟರ್ ಒಂದ ಆಧಾರ.

ರಾತ್ರಿ ನೆಲದ ಮ್ಯಾಲೆ ಮಲಗಿದವರಿಗೆ ಕಡೀತದ, ನೋವು ಬಾವು ಹೆಚ್ಚಿರೂದಿಲ್ಲ. ಬೆಳಿಗ್ಗೆ ಹೊಟ್ಟಿನೋವು, ರೆಪ್ಪಿ ಎತ್ತಾಕ ಬರೂದಿಲ್ಲ, ಹಣಿ ಸುಕ್ಕು ಮಾಡಿ ಕಣ್ಣು ತೆರಿಯಾಕ ನೋಡ್ತಾರ. ಆಮ್ಯಾಲೆ ಮಾತು ತೊದಲು, ನುಂಗಾಕ ಆಗೂದಿಲ್ಲ. ಪೂರ್ತಿ ಸೋತಾಗ ಪಾಪೆ ಅಗಲಾಗಿ ಬೆಳಕಿಗೂ ಅಲುಗೂದಿಲ್ಲ; ಮಿದುಳು ಸತ್ತಂಗ ಕಾಣ್ತಾರ, ಆದ್ರ ಒಳಗ ಎಚ್ಚರ ಇರ್ತದ, ಎಲ್ಲಾ ಕೇಳ್ತಿರ್ತಾರ. ಅಂಥವರ ಮುಂದ ಏನ ಮಾತಾಡ್ತೀವಿ ಅನ್ನೂದು ನೆನಪಿರಬೇಕು, ನಿದ್ದಿ ಮದ್ದು ಕೊಡೂದು ಮರೀಬಾರದು. ಕಟ್ಟು ಬಿಗಿಯೂದು, ಕೊಯ್ಯೂದು, ಹೀರೂದು ಬ್ಯಾಡ. ಕಾಲು ಅಲ್ಲಾಡಸದಂಗ ಮಲಗಿಸಿ ಆಸ್ಪತ್ರೆಗೆ ತರಬೇಕು.

ಪರೇಲ್ ಫಾರ್ಮಕಾಲಜಿ:
ರೆಪ್ಪೆ ಮೊದಲು ಯಾಕೆ ಎಂಬುದನ್ನೂ ಹೇಳಿ ಮೇಡಂ. ನರ-ಸ್ನಾಯು ಸಂಧಿಯಲ್ಲಿ ಉಳಿತಾಯ ದೊಡ್ಡದು. ಸಾಮಾನ್ಯ ಸ್ನಾಯುವಿನಲ್ಲಿ ಮುಕ್ಕಾಲು ಪಾಲು ರಿಸೆಪ್ಟರ್ ಮುಚ್ಚಿದರೂ ಬಲ ಇಳಿಯುವುದಿಲ್ಲ. ಕಣ್ಣಿನ ಸ್ನಾಯುಗಳಲ್ಲಿ ಆ ಉಳಿತಾಯ ಕಡಿಮೆ. ಮೈಯಸ್ತೀನಿಯಾ ಗ್ರಾವಿಸ್‌ನಲ್ಲಿ ದೇಹದ ಪ್ರತಿಕಾಯಗಳೇ ರಿಸೆಪ್ಟರನ್ನು ತಿನ್ನುವಾಗಲೂ ಮೊದಲು ಜೋಲುವುದು ರೆಪ್ಪೆಯೇ. ಅಲ್ಲಿ ಒಂದು ಸರಳ ಪರೀಕ್ಷೆ ಇದೆ: ಗ್ಲೌಸಿನಲ್ಲಿ ಐಸ್ ಕಟ್ಟಿ ಮುಚ್ಚಿದ ರೆಪ್ಪೆಯ ಮೇಲೆ 2 ನಿಮಿಷ ಇಡುವುದು. ತಂಪಿಗೆ ಕೋಲಿನೆಸ್ಟರೇಸ್ ಮಂದವಾಗುತ್ತದೆ, ರೆಪ್ಪೆ 2 ಮಿಲಿಮೀಟರ್ ಅಥವಾ ಹೆಚ್ಚು ಮೇಲೆದ್ದರೆ ಪರೀಕ್ಷೆ ಧನಾತ್ಮಕ. ಅಳತೆಪಟ್ಟಿ ಹಿಡಿದು ಮೊದಲೂ ಆಮೇಲೂ ಅಳೆಯಬೇಕು, ಕಣ್ಣಂದಾಜು ಸಲ್ಲದು.

ಕುಲಾಬಾ ನೊಣ:
ಆಚೆ ದಂಡೆಯ ಮಾತು ಬಂತಲ್ಲ, ಅದಕ್ಕೆ ಜೋಡಿಸಿ. ನರದ ತುದಿಗೆ ಸಂದೇಶ ಬಂದಾಗ ಕ್ಯಾಲ್ಸಿಯಂ ಒಳಬರುತ್ತದೆ. ಹೊರಗೆ ಮಿಲಿಮೋಲಾರ್ ಲೆಕ್ಕ, ಒಳಗೆ ನೂರು ನ್ಯಾನೊಮೋಲಾರ್ ಲೆಕ್ಕ; ಹತ್ತು ಸಾವಿರ ಪಟ್ಟು ಇಳಿಜಾರು. ಸಿನಾಪ್ಟೊಟ್ಯಾಗ್ಮಿನ್ ಕ್ಯಾಲ್ಸಿಯಂ ಹಿಡಿದ ಕೂಡಲೇ ಚೀಲದ ಸಿನಾಪ್ಟೊಬ್ರೆವಿನ್, ಪೊರೆಯ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಮೂರೂ ಜಡೆಯಂತೆ ಹೆಣೆದುಕೊಂಡು ಚೀಲವನ್ನು ಪೊರೆಗೆ ಕೂಡಿಸುತ್ತವೆ. ಒಂದೊಂದು ಚೀಲದಲ್ಲಿ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳು.

ಧನುರ್ವಾಯು ವಿಷ ಮತ್ತು ಬಿ ಬಗೆಯ ಬೊಟುಲಿನಂ ವಿಷ, ಎರಡೂ ಸಿನಾಪ್ಟೊಬ್ರೆವಿನ್ ಅನ್ನು ಒಂದೇ ಜಾಗದಲ್ಲಿ, ಅದೇ ಬಂಧದಲ್ಲಿ ಕತ್ತರಿಸುತ್ತವೆ. ಆದರೂ ಒಂದರಲ್ಲಿ ಮೈ ಬಿಲ್ಲಿನಂತೆ ಸೆಟೆಯುತ್ತದೆ, ಇನ್ನೊಂದರಲ್ಲಿ ಬಟ್ಟೆಯಂತೆ ಸಡಿಲವಾಗುತ್ತದೆ. ಬೊಟುಲಿನಂ ಸ್ನಾಯುವಿನ ಹತ್ತಿರವೇ ಉಳಿದು ಅಸಿಟೈಲ್‌ಕೋಲಿನ್ ನಿಲ್ಲಿಸುತ್ತದೆ. ಧನುರ್ವಾಯು ವಿಷ ನರದೊಳಗೆ ಹಿಮ್ಮುಖವಾಗಿ ಮೇಲೇರಿ, ಬೆನ್ನುಹುರಿಯಲ್ಲಿ ಗ್ಲೈಸಿನ್, ಗಾಬಾ ಬಿಡುವ ಕೋಶಕ್ಕೆ ದಾಟಿ ಅಲ್ಲಿ ಕತ್ತರಿಸುತ್ತದೆ. ತಡೆಯುವವರ ಬಾಯಿ ಕಟ್ಟಿದರೆ ಸ್ನಾಯು ಸೆಟೆಯದೆ ಇನ್ನೇನು.

ಮುಂಬಯಿಯದೇ ಒಂದು ಎಳೆ ಇದೆ. ಇಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಬೈದ್ ಸಿದ್ದಿಕಿ ಮತ್ತು ಅಮೆರಿಕದ ಸೆಮೂರ್ ಬೆಂಜರ್ 1976ರಲ್ಲಿ ಬಿಸಿ ಏರಿದರೆ ಲಕ್ವ ಹೊಡೆದಂತೆ ಬೀಳುವ ಹಣ್ಣುನೊಣಗಳನ್ನು ವರ್ಣಿಸಿದರು. ಅದರಲ್ಲಿ ‘ಕೊಮಟೋಸ್’ ಎಂಬ ತಳಿಯ ದೋಷ ಎನ್‌ಎಸ್‌ಎಫ್ ಎಂಬ ಪ್ರೋಟೀನಿನಲ್ಲಿ ಎಂದು ಆಮೇಲೆ ಗೊತ್ತಾಯಿತು. ಆ ಹೆಣೆದ ಜಡೆಯನ್ನು ಬಿಚ್ಚಿ ಮರುಬಳಕೆಗೆ ಕೊಡುವುದು ಅದರ ಕೆಲಸ. ‘ಶಿಬಿರೆ’ ಎಂಬ ಇನ್ನೊಂದು ತಳಿಯಲ್ಲಿ ಡೈನಮಿನ್ ದೋಷ: 29 ಡಿಗ್ರಿ ದಾಟಿದರೆ ಹೊಸ ಚೀಲ ಪೊರೆಯಿಂದ ಚಿವುಟಿಕೊಂಡು ಬರದು, ಇದ್ದದ್ದು ಖರ್ಚಾಗಿ ನೊಣ ಬೀಳುತ್ತದೆ, ತಂಪು ಮಾಡಿದರೆ ಕೆಲವೇ ನಿಮಿಷದಲ್ಲಿ ಎದ್ದು ಓಡಾಡುತ್ತದೆ. ಯಾರಾದರೂ ಇದನ್ನು ಮಕ್ಕಳಿಗೆ ತೋರಿಸುವುದಾದರೆ ನಳಿಕೆಗಳನ್ನು 18–20 ಡಿಗ್ರಿಯಲ್ಲಿ ಸಾಗಿಸಿ. ಮೇ ತಿಂಗಳ ಲೋಕಲ್ ಟ್ರೇನಿನಲ್ಲಿ ಜೇಬಲ್ಲಿಟ್ಟು ತಂದರೆ ದಾರಿಯಲ್ಲೇ ಎಲ್ಲ ಮಲಗಿರುತ್ತವೆ.

ವಾಶಿ ಫಾರ್ಮಸಿ:
ಒಂದೇ ಕೊನೆಯ ಪ್ರಶ್ನೆ. ಖಿನ್ನತೆಯ ಮಾತ್ರೆ ಸಿರೊಟೋನಿನ್ ಮರುಹೀರಿಕೆಯನ್ನು ಕೆಲವು ತಾಸಿನಲ್ಲೇ ತಡೆಯುತ್ತದೆ, ಗುಣ ಕಾಣಲು ವಾರಗಳು ಯಾಕೆ?

ಪರೇಲ್ ಫಾರ್ಮಕಾಲಜಿ:
ಒಂದು ಕಾರಣ, ಸಿರೊಟೋನಿನ್ ಕೋಶದ ಮೈಮೇಲೆಯೇ ಅದರ ಸ್ವಂತ 5-ಎಚ್‌ಟಿ1ಎ ರಿಸೆಪ್ಟರ್ ಇದೆ. ಸಿರೊಟೋನಿನ್ ಏರಿದರೆ ಆ ರಿಸೆಪ್ಟರ್ ಕೋಶಕ್ಕೇ ‘ಸಾಕು’ ಅನ್ನುತ್ತದೆ, ಬಿಡುಗಡೆ ಇಳಿಯುತ್ತದೆ. ವಾರಗಳಲ್ಲಿ ಆ ರಿಸೆಪ್ಟರ್ ಮರಗಟ್ಟಿದ ಮೇಲೆ ಬಿಡುಗಡೆ ಏರುತ್ತದೆ. ಇದೇ ಪೂರ್ತಿ ಕತೆಯಲ್ಲ, ‘ಸಿರೊಟೋನಿನ್ ಕಡಿಮೆಯಾದರೆ ಖಿನ್ನತೆ’ ಎಂಬ ಸಾಲನ್ನಂತೂ ಟಿಪ್ಪಣಿಗೆ ಸೇರಿಸಬೇಡಿ. ಎರಡು ವಾರಕ್ಕೆ ಗುಣ ಕಾಣಲಿಲ್ಲವೆಂದು ಮಾತ್ರೆ ಬಿಡಬಾರದು, ಬಿಡುವಾಗಲೂ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಔಷಧಿ ಅಂಗಡಿಯಲ್ಲಿ ಕೂರುವವರಿಗೆ ಇನ್ನೊಂದು: ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮಿದುಳಿನೊಳಗೆ ಹೋಗಿ ಡೋಪಮಿನ್ ಡಿ2 ರಿಸೆಪ್ಟರ್ ಮುಚ್ಚುತ್ತದೆ. ಹದಿಹರೆಯದವರಿಗೆ ಕತ್ತು ಒಂದು ಕಡೆ ತಿರುಚಿ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು. ಫಿಟ್ಸ್ ಎಂದು ಹೆದರುತ್ತಾರೆ. ಪ್ರೊಮೆಥಜೀನ್ ಕೊಟ್ಟರೆ ಬೇಗ ಬಿಡುತ್ತದೆ. ಪಾರ್ಕಿನ್‌ಸನ್ ಇರುವವರಿಗೆ ಆ ಮಾತ್ರೆ ಕೊಡಲೇಬಾರದು.

ಮುಲುಂಡ್ ಟೀಚರ್:
ಕಾಲಂ ತೆಗೆದೆ. ಈಗ ಸಿನಾಪ್ಸಿನ ಚಿತ್ರ ಒಂದೇ, ಅದರ ಕೆಳಗೆ ಹೃದಯ, ತೋಳು, ಎಳೆಯ ನರಕೋಶ, ಬೆಳೆದ ನರಕೋಶ. ಪ್ರತಿಯೊಂದಕ್ಕೂ ಯಾವ ರಿಸೆಪ್ಟರ್, ಯಾವ ಅಯಾನು, ಹಿಮ್ಮುಖ ವಿಭವ ಎಷ್ಟು ಎಂದು ಮಕ್ಕಳೇ ತುಂಬಬೇಕು. ಚಿತ್ರ ಇಲ್ಲಿ ಹಾಕಿದ್ದೇನೆ, ತಪ್ಪಿದ್ದರೆ ಹೇಳಿ.

ಪಾಷಾಣ್ ಲ್ಯಾಬ್:
ಚೆನ್ನಾಗಿದೆ ಮೇಡಂ. ಒಂದು ಬಾಣ ತಪ್ಪಿದೆ. ಅಸಿಟೈಲ್‌ಕೋಲಿನ್‌ನಿಂದ ಎಳೆದ ಗೆರೆ ರಿಸೆಪ್ಟರಿನ ರಂಧ್ರದ ಮೂಲಕ ಸ್ನಾಯುವಿನೊಳಗೆ ಹೋಗಿದೆ. ಅದು ಒಳಗೆ ಹೋಗುವುದಿಲ್ಲ. ಹೊರಮೈಯಲ್ಲೇ ಕೂತು, ಬಿಟ್ಟು, ಸಂದಿಯಲ್ಲಿರುವ ಕಿಣ್ವಕ್ಕೆ ಸಿಕ್ಕಿ ಕೋಲಿನ್ ಮತ್ತು ಅಸಿಟೇಟ್ ಆಗುತ್ತದೆ. ಕೋಲಿನ್ ಮರಳಿ ನರದ ತುದಿಗೆ ಹೋಗಿ ಹೊಸ ಅಸಿಟೈಲ್‌ಕೋಲಿನ್ ಆಗುತ್ತದೆ. ರಂಧ್ರದೊಳಗೆ ಸೋಡಿಯಂ ಬಾಣ ಹಾಕಿ, ಕೋಲಿನ್‌ನ ಬಾಣವನ್ನು ಹಿಂದಕ್ಕೆ, ನರದ ಕಡೆಗೆ ತಿರುಗಿಸಿ.